ಎರಡೂರಿನ ಕಸ

ಶಿಕಾರಿಪುರ
12 ನವೆಂಬರ್ 1957

ಅಕ್ಕಾ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ಬರೆಯಲಿಲ್ಲ ಎಂದು ಬೈಯಬೇಡ. ಈ ಸಲ ಹೇಳುವಂಥದ್ದು ಏನಾದರೂ ಇರಲಿ ಎಂದು ಕಾಯುತ್ತಿದ್ದೆ.

ನಾನು ಈ ಊರಿನ ಸ್ಯಾನಿಟರಿ ಇನ್ಸ್‌ಪೆಕ್ಟರ್ ಆಗಿ ನಾಲ್ಕು ವರ್ಷ. ಇಷ್ಟು ದಿನ ಮಾಡಿದ ಕೆಲಸವೆಂದರೆ ಒಂದು ಕಡೆಯ ಹೊಲಸನ್ನು ಇನ್ನೊಂದು ಕಡೆ ಹಾಕಿಸಿದ್ದು. ಮನೆಗಳ ಹಿಂದಿನ ಸಂದಿಯಿಂದ ಬುಟ್ಟಿಯಲ್ಲಿ ಹೊತ್ತು ತಂದು ಊರಾಚೆ ಸುರಿಯುತ್ತಾರೆ. ಮಳೆ ಬಂದರೆ ಅದೇ ಕೆರೆಗೆ ಇಳಿಯುತ್ತದೆ. ಬುಟ್ಟಿ ಹೊರುವವರಲ್ಲಿ ದುರುಗಮ್ಮ ಎಂಬವಳಿದ್ದಾಳೆ, ನಲವತ್ತೈದರ ಹೆಂಗಸು. ಮಳೆಗಾಲದಲ್ಲಿ ಬುಟ್ಟಿ ಸೋರಿ ಅವಳ ಮುಖದ ಮೇಲೆ ಇಳಿಯುವುದನ್ನು ನೋಡಿದ್ದೇನೆ. ನೋಡಿ, ಮನೆಗೆ ಬಂದು, ಊಟವನ್ನೂ ಮಾಡಿದ್ದೇನೆ.

ಬೆಂಗಳೂರಿನ ತರಬೇತಿಯಲ್ಲಿ ಒಂದು ಪದ್ಧತಿ ಕಲಿತೆ. ಉದ್ದ ಗುಂಡಿ ತೋಡಿ, ಒಂದು ಪದರ ಬೀದಿಯ ಕಸ, ಒಂದು ಪದರ ಮಲ ಹಾಕಿ, ಮೇಲೆ ಮಣ್ಣು ಮುಚ್ಚಿದರೆ ಐದಾರು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ವಾಸನೆ ಇರುವುದಿಲ್ಲ. ಪಕ್ಕದಲ್ಲಿ ಇಟ್ಟಿಗೆಯ ಬಾವಿ ಕಟ್ಟಿ ಅದರ ಮೇಲೆ ಕಬ್ಬಿಣದ ಡ್ರಮ್ಮು ಬೋರಲು ಹಾಕಿದರೆ ಅನಿಲ ಹುಟ್ಟುತ್ತದೆ, ಒಲೆ ಉರಿಸಬಹುದು. ನಮ್ಮೂರಿಗೊಂದು, ನಿಮ್ಮೂರಿಗೊಂದು ಲಾರಿ ಕೊಡಲು ಸರ್ಕಾರ ಒಪ್ಪುವುದಿಲ್ಲ. ಎರಡೂರು ಸೇರಿ ಒಂದು ಸಮಿತಿ ಮಾಡಿಕೊಂಡರೆ ಒಂದು ಲಾರಿ, ತಾಳಗುಂದದ ಹತ್ತಿರ ಖರಾಬು ಜಮೀನು, ಡ್ರಮ್ಮು ಎಲ್ಲ ಸಿಗುತ್ತದೆ. ಇಲ್ಲಿಯವರು ಒಪ್ಪಿದ್ದಾರೆ. ಸೊರಬದಲ್ಲಿ ಪಂಚಾಯಿತಿ ಅಧ್ಯಕ್ಷ ಪರಮಶಿವಪ್ಪನವರು ಹೂಂ ಅಂದರೆ ಊರೇ ಹೂಂ ಅನ್ನುತ್ತದಂತೆ. ಅವರು ತಾಯಿಯ ಹೆಸರಲ್ಲಿ ಕಟ್ಟಿಸಿದ ಹೆರಿಗೆ ಮನೆಯಲ್ಲೇ ನೀನು ಸೂಲಗಿತ್ತಿ. ಒಂದು ಮಾತು ಹೇಳು.

ಯೋಜನೆ ವಿವರಿಸಿ, ನಿನಗೆ ಏನು ಬೇಕು ಎಂದು ದುರುಗಮ್ಮನನ್ನು ಕೇಳಿದೆ. "ತಲಿ ಮ್ಯಾಲಿಂದ ಇದನ್ನ ಇಳಸ್ರಿ. ಬ್ಯಾರೆ ಏನೂ ಬ್ಯಾಡ" ಅಂದಳು.

ನಿನ್ನ ತಮ್ಮ
ಸದಾಶಿವಪ್ಪ


ಸೊರಬ
21 ನವೆಂಬರ್ 1957

ಸದಾಶಿವಾ,

ಗಂಡ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಸೂಲಗಿತ್ತಿ ತರಬೇತಿಗೆ ಕಳಿಸಿದಾಗ ಇಡೀ ಓಣಿ ಮೂಗು ಮುರಿದಿತ್ತು. ನೀನು ನನಗಿಂತ ಮುಂದೆ ಹೋದೆ. ನಾನು ರಕ್ತದಲ್ಲಿ ಕೈಯಿಟ್ಟರೆ ನೀನು ಅದಕ್ಕೂ ಕೆಳಗೆ ಇಟ್ಟೆ. ಅಪ್ಪ ಇದ್ದಿದ್ದರೆ ನಗುತ್ತಿದ್ದರು.

ಪರಮಶಿವಪ್ಪನವರ ಹತ್ತಿರ ಮಾತಾಡಿದೆ. ಮೊದಲು ತಮಾಷೆ ಮಾಡಿದರು. "ಅಲ್ಲ ನೀಲಾಂಬಿಕಮ್ಮ, ಶಿಕಾರಿಪುರದವರ ಹೊಲಸಿಗೂ ನಮ್ಮೂರ ಹೊಲಸಿಗೂ ಸಂಬಂಧ ಬೆಳೆಸ್ತೀರಾ? ಜಾತಕ ಕೂಡಿ ಬರ್ತದಾ ಅಂತ ನೋಡಿದ್ರಾ?" ಅಂದರು. ಹೆರಿಗೆ ಮನೆಯ ಹಿಂದಿನ ತಿಪ್ಪೆ ಹೋದರೆ ಬಾಣಂತಿಯರಿಗೆ ನೊಣದ ಕಾಟ ತಪ್ಪುತ್ತದೆ, ನಿಮ್ಮ ತಾಯಿಯ ಹೆಸರಿಗೂ ಒಳ್ಳೆಯದು ಎಂದೆ. ತಾಯಿಯ ಹೆಸರು ಬಂದ ಕೂಡಲೇ ಮೆತ್ತಗಾದರು. ಮುಂದಿನ ಸಭೆಯಲ್ಲಿ ರುಜು ಹಾಕುತ್ತಾರೆ.

ಆದರೆ ಒಂದು ಮಾತು ನೆನಪಿಡು. ಅವರು ಮನಸ್ಸಿಲ್ಲದೆ ಒಪ್ಪಿದ್ದಾರೆ. ಸಣ್ಣ ನೆಪ ಸಿಕ್ಕರೂ ಸಾಕು, ಕೈ ತೊಳೆದುಕೊಳ್ಳುತ್ತಾರೆ. ಅವರಿಗೆ ಆ ನೆಪ ಸಿಗದ ಹಾಗೆ ನೋಡಿಕೊಳ್ಳುವುದು ನಿನ್ನ ಕೆಲಸ. ಇಲ್ಲಿ ನನ್ನದೂ ಅದೇ ಕೆಲಸ ಎಂದುಕೊಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಕ್ಕ
ನೀಲಾಂಬಿಕ


ತಾಳಗುಂದದ ಗೊಬ್ಬರದ ಅಂಗಳ
9 ಮಾರ್ಚ್ 1958

ಅಕ್ಕಾ,

ನಿನ್ನೆ ಅನಿಲ ಹತ್ತಿಕೊಂಡಿತು.

ಹದಿನೈದು ದಿನದಿಂದ ಡ್ರಮ್ಮು ಮೇಲೇಳುತ್ತಲೇ ಇರಲಿಲ್ಲ. ಊರವರು ಬಂದು ನೋಡಿ, ನಕ್ಕು ಹೋಗುತ್ತಿದ್ದರು. ನಿನ್ನೆ ಬೆಳಿಗ್ಗೆ ಒಂದು ಮೊಳ ಎದ್ದು ನಿಂತಿತ್ತು. ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿದೆ. ನೀಲಿ ಉರಿ, ಹೊಗೆಯಿಲ್ಲ. ತಾಳಗುಂದದ ರೈತ ರಾಮಪ್ಪ ಹತ್ತಿರ ಬಂದು ಮೂಸಿ ನೋಡಿ, ಏನೂ ನಾತವಿಲ್ಲವಲ್ಲ ಎಂದ. ಗೊಬ್ಬರವಾದ ಮೇಲೆ ಎರಡು ಗಾಡಿ ತನ್ನ ಗದ್ದೆಗೆ ಹಾಕಿ ನೋಡುತ್ತಾನಂತೆ.

ಮೊದಲ ಉರಿಯಲ್ಲಿ ಏನು ಮಾಡುವುದು ಎಂದು ಸಮಿತಿಯವರು ಕೇಳಿದರು. ಕಾಫಿ ಕಾಸೋಣ ಎಂದರೆ ಕುಡಿಯುವವರು ಯಾರೂ ಇರಲಿಲ್ಲ. ಕೊಪ್ಪರಿಗೆಯಲ್ಲಿ ನೀರು ಕಾಯಿಸಿ ದುರುಗಮ್ಮನಿಗೆ ಕೊಟ್ಟೆ. ಕೆಲಸ ಮುಗಿಸಿ ಬಿಸಿನೀರು ಹೊಯ್ದುಕೊಂಡದ್ದು ಅವಳ ಜನ್ಮದಲ್ಲಿ ಇದೇ ಮೊದಲಂತೆ. ಸ್ನಾನಕ್ಕೆಂದು ಕಟ್ಟಿದ ಬಿದಿರು ತಟ್ಟಿಯ ಮರೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ಮಗಳು ಮಾಳಮ್ಮ ಕೂಗಿದರೆ, "ಇರವ್ವ, ಇನ್ನೊಂದು ಚಂಬು" ಅನ್ನುತ್ತಿದ್ದಳು.

ಈಗ ಇಲ್ಲಿ ನಾಲ್ಕು ಸಂಸಾರಗಳಿವೆ, ಗುಡಿಸಲು ಹಾಕಿಕೊಂಡಿದ್ದಾರೆ. ಊರಿಂದ ಲಾರಿಯವರೆಗೆ ಕೈಗಾಡಿ, ಇಲ್ಲಿ ಸಲಿಕೆ. ತಲೆಯ ಮೇಲೆ ಬುಟ್ಟಿ ಇಲ್ಲ. ಒಂದು ವರ್ಷ ಸರಿಯಾಗಿ ನಡೆದರೆ ಇಟ್ಟಿಗೆಯ ಮನೆ ಕಟ್ಟಿಸಿಕೊಡುತ್ತೇವೆ ಎಂದು ಸಮಿತಿ ಠರಾವು ಮಾಡಿದೆ.

ಒಂದು ವಿಷಯ. ಸೊರಬದಿಂದ ಬಂದ ಕಸದಲ್ಲಿ ಮೊನ್ನೆ ಒಡೆದ ಗಾಜು ಸಿಕ್ಕಿತು, ಒಂದಿಷ್ಟು ಹತ್ತಿಯ ಉಂಡೆಯೂ ಇತ್ತು. ಇವರು ಬರಿಗಾಲಲ್ಲಿ ಗುಂಡಿಗೆ ಇಳಿಯುತ್ತಾರೆ. ಆಸ್ಪತ್ರೆ, ಔಷಧದಂಗಡಿಗಳ ಕಸ ಲಾರಿಗೆ ಬರಕೂಡದು, ಅಲ್ಲಲ್ಲೇ ಸುಡಬೇಕು ಎಂದು ನಿಯಮವಿದೆ. ನಿಮ್ಮಲ್ಲಿ ಸುಡುತ್ತೀರಿ ತಾನೆ? ಸುಮ್ಮನೆ ಕೇಳಿದೆ.

ಸದಾಶಿವ


ಸೊರಬ
18 ಮಾರ್ಚ್ 1958

ಸದಾಶಿವಾ,

ಹೂಂ, ನಮ್ಮದೆಲ್ಲ ಹಿತ್ತಲಲ್ಲೇ ಸುಡುತ್ತೇವೆ. ಅದರ ಯೋಚನೆ ಬೇಡ.

ನಿನ್ನ ನೀಲಿ ಉರಿಯ ಸಂಗತಿ ಓದಿ ಇಲ್ಲಿಯ ಬಾಣಂತಿಯರಿಗೂ ಹೇಳಿದೆ. ಕುಬಟೂರಿನಿಂದ ಬಂದ ಚೊಚ್ಚಲ ಬಸುರಿಯೊಬ್ಬಳು, ಆ ಒಲೆಯ ಮೇಲೆ ಬೇಯಿಸಿದ್ದನ್ನು ಉಣ್ಣಬಹುದೇ ಎಂದು ಕೇಳಿದಳು. ಬೆಂಕಿಗೆ ಯಾವ ಮಡಿ ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಪರಮಶಿವಪ್ಪನವರು ಊರ ತುಂಬ ತಮ್ಮದೇ ಯೋಜನೆ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಹೇಳಿಕೊಳ್ಳಲಿ ಬಿಡು. ಹೆಸರು ಅವರಿಗಿದ್ದಷ್ಟು ದಿನ ಕೆಲಸ ನಿನ್ನದಾಗಿರುತ್ತದೆ.

ನೀಲಾಂಬಿಕ


ತಾಳಗುಂದದ ಗೊಬ್ಬರದ ಅಂಗಳ
2 ಜುಲೈ 1958

ಅಕ್ಕಾ,

ಮಳೆ ಹಿಡಿದಿದೆ. ಮೊದಲ ಎರಡು ಗುಂಡಿ ತೆರೆದೆವು. ಚಹದ ಪುಡಿಯ ಹಾಗೆ ಉದುರುತ್ತಿತ್ತು. ರಾಮಪ್ಪ ಎರಡು ಗಾಡಿ ಒಯ್ದ. ಅವನ ದಾಯಾದಿಗಳು, ದೇವರಿಗೆ ಎಡೆಯಿಡುವ ಭತ್ತಕ್ಕೆ ಇದನ್ನು ಹಾಕುತ್ತೀಯಾ ಎಂದು ಜಗಳಕ್ಕೆ ಬಂದರಂತೆ. ಕುರಿಯ ಹಿಕ್ಕೆ ಹಾಕುವಾಗ ದೇವರು ಏನಾದರೂ ಅಂದನೇ ಎಂದು ಅವನು ಕೇಳಿದನಂತೆ. ಈಸೂರಿನಿಂದಲೂ ಇಬ್ಬರು ಬಂದು ನೋಡಿಹೋದರು.

ಒಂಬತ್ತನೆಯ ತಾರೀಖು ಶಿವಮೊಗ್ಗದಿಂದ ದೊಡ್ಡ ಅಧಿಕಾರಿಗಳು ತಪಾಸಣೆಗೆ ಬರುತ್ತಾರೆ. ಅವರು ಮೆಚ್ಚಿದರೆ ಇನ್ನೊಂದು ಲಾರಿ, ಮನೆಗಳಿಗೆ ಮಂಜೂರಾತಿ. ಎರಡೂರಿನ ಸದಸ್ಯರೂ ಇರುತ್ತಾರೆ. ಅಂಗಳಕ್ಕೆಲ್ಲ ಸುಣ್ಣ ಹೊಡೆಸುತ್ತಿದ್ದೇನೆ.

ದುರುಗಮ್ಮನ ಕಾಲಿಗೆ ಶನಿವಾರ ಮುಳ್ಳು ಚುಚ್ಚಿದೆ, ಸ್ವಲ್ಪ ಕುಂಟುತ್ತಾಳೆ. ಅಯೋಡಿನ್ ಹಚ್ಚಿದ್ದೇನೆ. ಉಳಿದಂತೆ ಎಲ್ಲರೂ ಸುಖ.

ಸದಾಶಿವ


ಸೊರಬ
4 ಜುಲೈ 1958

ಸದಾಶಿವಾ,

ಎಂಥ ಮುಳ್ಳು? ಎಷ್ಟು ಆಳ? ನೀನು ನೋಡಿದೆಯಾ, ಅವಳು ಹೇಳಿದ್ದಾ?

ಗೊಬ್ಬರದ ಗುಂಡಿಯಲ್ಲಿ ಆದ ಗಾಯಕ್ಕೆ ಅಯೋಡಿನ್ ಸಾಲದು. ನಿನಗೂ ಗೊತ್ತಿರಬೇಕು. ಧನುರ್ವಾಯು ತಡೆಯುವ ಇಂಜೆಕ್ಷನ್, ಸೀರಮ್ಮು, ಶಿವಮೊಗ್ಗದಲ್ಲಿ ಸಿಗುತ್ತದೆ. ಈ ಕಾಗದ ಕಂಡ ದಿನವೇ ಅವಳನ್ನು ಬಸ್ಸಿಗೆ ಹತ್ತಿಸು. ನಿನಗೆ ಆಗದಿದ್ದರೆ ಮಗಳ ಜೊತೆ ಕಳಿಸು. ಅಧಿಕಾರಿಗಳು ಬಂದುಹೋಗಲಿ ಎಂದು ಕಾಯಬೇಡ. ಬೇರೇನೂ ಬರೆಯಲು ಮನಸ್ಸಿಲ್ಲ.

ನೀಲಾಂಬಿಕ


ತಾಳಗುಂದದ ಗೊಬ್ಬರದ ಅಂಗಳ
8 ಜುಲೈ 1958

ಅಕ್ಕಾ,

ನಿನ್ನ ಕಾಗದ ಇವತ್ತು ಸಿಕ್ಕಿತು. ಹೆರಿಗೆ ಮನೆಯಲ್ಲಿದ್ದು ನಿನಗೆ ಎಲ್ಲದರಲ್ಲೂ ಸಾವೇ ಕಾಣುತ್ತದೆ. ದುರುಗಮ್ಮ ನಿನ್ನೆಯಿಂದ ಕೆಲಸಕ್ಕೆ ಬರುತ್ತಿದ್ದಾಳೆ, ಗಾಯ ಒಣಗಿದೆ. ಅವಳೇ, "ಒಂದು ಮುಳ್ಳಿಗೆ ಶಿವಮೊಗ್ಗಕ್ಕ ಹೋದ್ರ ಜನ ನಗ್ತಾರ್ರಿ" ಎಂದಳು. ನಾಳೆ ತಪಾಸಣೆ ಮುಗಿಯಲಿ, ನಾಡಿದ್ದು ನಾನೇ ಕರೆದುಕೊಂಡು ಹೋಗುತ್ತೇನೆ. ಸಮಾಧಾನವಾಯಿತೆ?

ಸದಾಶಿವ


ಶಿಕಾರಿಪುರ
16 ಜುಲೈ 1958

ಅಕ್ಕಾ,

ದುರುಗಮ್ಮ ಸೋಮವಾರ ಮಧ್ಯಾಹ್ನ ತೀರಿಕೊಂಡಳು.

ಒಂಬತ್ತನೆಯ ತಾರೀಖು ಅಧಿಕಾರಿಗಳು ಬಂದರು. ಒಲೆ ಉರಿಸಿ ತೋರಿಸಿದೆ. ಬಹಳ ಸಂತೋಷಪಟ್ಟರು. ಅವರಿಗೆ ಹಾರ ಹಾಕಲು ಹೆಂಗಸರಲ್ಲಿ ಅವಳನ್ನೇ ನಿಲ್ಲಿಸಿದ್ದೆ. ಹಾರ ಹಾಕಿದ ಮೇಲೆ ಒಬ್ಬರು ಏನೋ ಕೇಳಿದರು. ಅವಳು ಬಾಯಿ ಬಿಡಲಿಲ್ಲ. ನಾಚಿಕೆ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ದವಡೆ ಆಗಲೇ ಹಿಡಿದುಕೊಂಡಿತ್ತು. ಮರುದಿನ ಹೊತ್ತಾರೆ ಬಸ್ಸಿನಲ್ಲಿ ಮಲಗಿಸಿಕೊಂಡು ಶಿವಮೊಗ್ಗಕ್ಕೆ ಹೋದೆವು. ಕಾಲ ಮಿಂಚಿದೆ ಎಂದರು. ನಾಲ್ಕು ದಿನ ಜೀವವಿತ್ತು. ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಬಾಗಿಲು ಸದ್ದಾದರೂ ಬಾಗುತ್ತಿತ್ತು. ಮಾಳಮ್ಮ ಹೊರಗೆ ಕೂತು, ಬರುವವರಿಗೆಲ್ಲ ಸದ್ದು ಮಾಡಬೇಡಿ ಎಂದು ಕೈ ಮುಗಿಯುತ್ತಿದ್ದಳು.

ಸದಾಶಿವ


ಶಿಕಾರಿಪುರ
30 ಆಗಸ್ಟ್ 1958

ಅಕ್ಕಾ,

ಆರು ವಾರವಾಯಿತು. ನಿನ್ನಿಂದ ಒಂದು ಸಾಲೂ ಇಲ್ಲ. ನಿನ್ನ ಮಾತು ಕೇಳಲಿಲ್ಲ ಎಂದು ಸಿಟ್ಟಾಗಿದ್ದೀಯ. ಇದನ್ನು ಓದಿದ ಮೇಲೆ ಇನ್ನೂ ಸಿಟ್ಟಾಗುತ್ತೀಯ.

ಅದು ಮುಳ್ಳಲ್ಲ. ಗಾಜು. ಸೊರಬದ ಕಸ ಹರಡುವಾಗ ಅಂಗಾಲಿಗೆ ಹೊಕ್ಕಿತ್ತು. ನಾನೇ ಚಿಮಟದಿಂದ ತೆಗೆದೆ. ಇಂಜೆಕ್ಷನ್ನಿನ ಸಣ್ಣ ಶೀಸೆಯ ಕತ್ತು, ಕಂದು ಬಣ್ಣದ ಗಾಜು, ಅದರ ಮೇಲೆ ನೀಲಿ ಅಕ್ಷರದಲ್ಲಿ ಅರ್ಧ ಹೆಸರು. ಶಿವಮೊಗ್ಗಕ್ಕೆ ಕರೆದೊಯ್ದರೆ ಗಾಯ ಹೇಗಾಯಿತು ಎಂದು ಬರೆಸುತ್ತಾರೆ. ಬರೆಸಿದರೆ ತಪಾಸಣೆಗೆ ಹತ್ತು ದಿನವಿರುವಾಗ ಸೊರಬದ ಮೇಲೆ ದೂರು ಹೋದ ಹಾಗೆ. ನೀನೇ ಹೇಳಿದ್ದೆಯಲ್ಲ, ನೆಪ ಕೊಡಬೇಡ ಎಂದು. ಮುಳ್ಳು ಅನ್ನು ಎಂದು ಅವಳಿಗೆ ನಾನೇ ಹೇಳಿಕೊಟ್ಟೆ. ಅವಳು, "ನೀವು ಅಂದಂಗ ಆಗಲಿ. ನಮ್ಮ ಮನಿ ಆದ್ರ ಸಾಕು" ಎಂದಳು.

ನಿಮ್ಮಲ್ಲಿ ಸುಡುತ್ತೀರಿ ಎಂದು ನೀನು ಬರೆದಿದ್ದೆ. ಹಾಗಾದರೆ ಇದು ಬಸ್ ಸ್ಟ್ಯಾಂಡಿನ ಹತ್ತಿರದ ಖಾಸಗಿ ಡಾಕ್ಟರದು ಇರಬೇಕು. ವಿಚಾರಣೆ ನಡೆಯುತ್ತಿದೆ. ಅಜಾಗರೂಕತೆಯಿಂದ ಮುಳ್ಳು ತುಳಿದು ಸತ್ತಳು ಎಂದು ಬರೆದು ಮುಗಿಸುವ ಹವಣಿಕೆ. ಹಾಗಾದರೆ ಮಾಳಮ್ಮನಿಗೆ ಏನೂ ಸಿಗುವುದಿಲ್ಲ. ಕೆಲಸದಲ್ಲಿ ಸತ್ತವಳ ಮಗಳು ಎಂದಾದರೆ ಒಂದು ಮನೆಯಾದರೂ ಸಿಗುತ್ತದೆ. ನಾನು ನಿಜ ಹೇಳಬೇಕೆಂದಿದ್ದೇನೆ. ಆ ಡಾಕ್ಟರ ಅಂಗಡಿಯ ಕಸ ಲಾರಿಗೆ ಬೀಳುವುದನ್ನು ನೋಡಿದವರು ಯಾರಾದರೂ ಇದ್ದಾರೆಯೇ, ವಿಚಾರಿಸಿ ಬರೆ.

ಸದಾಶಿವ


ಸೊರಬ
7 ಸೆಪ್ಟೆಂಬರ್ 1958

ಸದಾಶಿವಾ,

ಯಾರನ್ನೂ ವಿಚಾರಿಸುವ ಅಗತ್ಯವಿಲ್ಲ. ಕಂದು ಗಾಜು, ನೀಲಿ ಅಕ್ಷರ, ಅದು ಹೆರಿಗೆಯಾದ ಮೇಲೆ ರಕ್ತ ನಿಲ್ಲಿಸುವ ಇಂಜೆಕ್ಷನ್. ಸೊರಬದಲ್ಲಿ ಅದನ್ನು ತರಿಸುವುದು ನಮ್ಮ ಹೆರಿಗೆ ಮನೆ ಮಾತ್ರ. ಕೊಡುವವಳು ನಾನು. ಶೀಸೆಯ ಕತ್ತು ಮುರಿಯುವುದೂ ನನ್ನ ಕೈಯೇ.

ನಾವು ಸುಡುತ್ತಿದ್ದದ್ದು ಫೆಬ್ರವರಿಯವರೆಗೆ. ಹೊಗೆ ಬರುತ್ತದೆ ಎಂದು ಪಕ್ಕದವರು ತಕರಾರು ಮಾಡಿದರು. ಪರಮಶಿವಪ್ಪನವರು, ಹೇಗೂ ನಿಮ್ಮ ತಮ್ಮನ ಲಾರಿ ಬರ್ತದಲ್ಲ, ಅದಕ್ಕೇ ಹಾಕಿ ಎಂದರು. ಕೂಡದು ಎಂದೆ. ಹಾಗಾದರೆ ಲಾರಿಯೇ ಬೇಡ ಬಿಡಿ ಎಂದರು. ನಾನು ಸುಮ್ಮನಾದೆ. ಗಾಜನ್ನೆಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕುತ್ತಿದ್ದೆ. ಗಂಟು ಕೊಳೆಯುತ್ತದೆ, ಬಿಚ್ಚುತ್ತದೆ ಎಂದು ಯೋಚಿಸಲಿಲ್ಲವೆಂದರೆ ಅದೂ ಸುಳ್ಳಾಗುತ್ತದೆ. ಯೋಚಿಸಿದ್ದೆ.

ನೀನು ಮಾರ್ಚಿನಲ್ಲಿ ಕೇಳಿದೆ. ಸುಡುತ್ತಿಲ್ಲ ಎಂದುಬಿಟ್ಟಿದ್ದರೆ ನೀನು ಲಾರಿ ನಿಲ್ಲಿಸುತ್ತಿದ್ದೆ. ಅಷ್ಟು ಸಂತೋಷದಲ್ಲಿ ನೀನು ಬರೆದ ಕಾಗದ ಅದುವರೆಗೆ ನನಗೆ ಬಂದಿರಲಿಲ್ಲ. ಜುಲೈಯಲ್ಲಿ ಮುಳ್ಳು ಎಂದು ಓದಿದಾಗಲೇ ನನಗೆ ಗೊತ್ತಾಯಿತು. ಆಗಲೂ ಸೀರಮ್ಮು ಕೊಡಿಸು ಎಂದೆನೇ ಹೊರತು ಏಕೆ ಎಂದು ಬರೆಯಲಿಲ್ಲ. ಬರೆದಿದ್ದರೆ ನೀನು ಅವತ್ತೇ ಬಸ್ಸು ಹತ್ತುತ್ತಿದ್ದೆ.

ಏನು ಮಾಡಬೇಕು ಹೇಳು. ಮಾಡುತ್ತೇನೆ.

ನೀಲಾಂಬಿಕ


ಶಿಕಾರಿಪುರ
25 ಸೆಪ್ಟೆಂಬರ್ 1958

ನೀಲಾಂಬಿಕ ಅವರಿಗೆ,

ಅಕ್ಟೋಬರ್ ಆರರಂದು ಹನ್ನೊಂದು ಗಂಟೆಗೆ ಶಿರಾಳಕೊಪ್ಪದ ಪ್ರವಾಸಿ ಬಂಗಲೆಯಲ್ಲಿ ವಿಚಾರಣೆ ಇದೆ. ಬಂದು, ಬರೆದದ್ದನ್ನು ಅಲ್ಲಿ ಹೇಳುವುದು. ನಾನೂ ನನ್ನದನ್ನು ಹೇಳುತ್ತೇನೆ.

ಸದಾಶಿವಪ್ಪ


ಶಿಕಾರಿಪುರ
14 ಡಿಸೆಂಬರ್ 1958

ಅಕ್ಕಾ,

ಬಂಗಲೆಯ ಜಗಲಿಯಲ್ಲಿ ನಿನ್ನನ್ನು ನೋಡಿಯೂ ಮಾತಾಡಿಸಲಿಲ್ಲ. ಮಾತಾಡಿಸಿದ್ದರೆ ಇಬ್ಬರೂ ಅಲ್ಲೇ ಅಳುತ್ತಿದ್ದೆವು. ಇಬ್ಬರೂ ಮಾತಾಡಿಕೊಂಡು ಕಟ್ಟಿದ ಸಾಕ್ಷಿ ಎಂದು ಜನ ಆಡಿಕೊಳ್ಳುತ್ತಿದ್ದರು. ಎರಡು ತಿಂಗಳಾಯಿತು, ಈಗ ಹೇಳುತ್ತಿದ್ದೇನೆ.

ಪರಮಶಿವಪ್ಪನವರು ನಿನ್ನನ್ನು ಕೆಲಸದಿಂದ ತೆಗೆದರೆಂದು ಕೇಳಿದೆ. ಅವರು ನಿನ್ನ ಹೇಳಿಕೆಯ ನಕಲನ್ನೇ ಸಭೆಯಲ್ಲಿ ಓದಿದರಂತೆ. ತಮ್ಮ ತಾಯಿಯ ಹೆಸರಿಗೆ ಮಸಿ ಬಳಿಯುವ ಯೋಜನೆ ಸೊರಬಕ್ಕೆ ಬೇಡ ಎಂದು ಹೊರಗೆ ಬಂದರು. ಒಂದು ಊರು ಬಿಟ್ಟ ಮೇಲೆ ಸಮಿತಿಯಿಲ್ಲ. ಸಮಿತಿಯಿಲ್ಲದ ಮೇಲೆ ಅದರ ಠರಾವೂ ಇಲ್ಲ. ವಿಚಾರಣೆಯಲ್ಲಿ ದುರುಗಮ್ಮ ಕೆಲಸದಲ್ಲೇ ಸತ್ತಳೆಂದು ಬರೆದರು. ಸರಿಯಾಗಿಯೇ ಬರೆದರು. ಮನೆ ಕೊಡಬೇಕಾದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಕಾಗದ ಹಿಡಿದುಕೊಂಡು ನಾಲ್ಕು ಕಚೇರಿ ಸುತ್ತಿದೆ. ಎಲ್ಲರೂ ಕೂರಿಸಿ ಮಾತಾಡಿದರು, ಯಾರೂ ಬೈಯಲಿಲ್ಲ.

ಲಾರಿಯನ್ನು ಬೇರೆ ತಾಲ್ಲೂಕಿಗೆ ಕೊಟ್ಟಿದ್ದಾರೆ. ಡ್ರಮ್ಮನ್ನು ಎಳೆಸಿಕೊಂಡು ಹೋದರು. ಗುಡಿಸಲುಗಳನ್ನು ಕೀಳಿಸುವ ಕೆಲಸ ನನಗೇ ಬಂತು. ಮಾಳಮ್ಮ ಗಂಡನ ಜೊತೆ ಸಾಮಾನು ಕಟ್ಟಿಕೊಂಡಳು. ಮಾಡಿದ ತಪ್ಪನ್ನು ಅವಳಿಗೆ ನಾನೇ ಹೇಳಿದ್ದೆ. ಕೇಳಿ, "ಆತು ಬಿಡ್ರಿ" ಎಂದಿದ್ದಳು. ಅಷ್ಟೇ.

ರಾಮಪ್ಪನ ಗದ್ದೆ ಕೊಯ್ಲಾಯಿತು. ಸುತ್ತಿನಲ್ಲೇ ಅಂಥ ತೆನೆ ಇರಲಿಲ್ಲವಂತೆ. ಆದರೆ ಹೆಣ ಬಿದ್ದ ಗೊಬ್ಬರದ ಭತ್ತ ಎಂದು ಊರಲ್ಲಿ ಯಾರೂ ಕೊಳ್ಳಲಿಲ್ಲ. ಗಾಡಿ ಕಟ್ಟಿಕೊಂಡು ದೂರದ ಸಂತೆಗೆ ಒಯ್ದು ಮಾರಿದ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಮುಂದಿನ ವರ್ಷ ಮಾತ್ರ ಹಾಕುವುದಿಲ್ಲ ಎಂದ. ಹಾಕುತ್ತೇನೆಂದರೂ ಗೊಬ್ಬರವೆಲ್ಲಿದೆ?

ನನ್ನನ್ನು ಚಿತ್ರದುರ್ಗದ ಕಡೆಗೆ ವರ್ಗ ಮಾಡಿದ್ದಾರೆ. ನಾಡಿದ್ದು ಹೊರಡುತ್ತೇನೆ. ಇಲ್ಲಿಯ ಬಾಡಿಗೆಯ ಕೋಣೆ ಖಾಲಿ ಬೀಳುತ್ತದೆ. ಸೊರಬದಲ್ಲಿ ಇನ್ನು ನಿನ್ನನ್ನು ಕರೆಯುವವರಿಲ್ಲವಾದರೆ ಇಲ್ಲಿಗೆ ಬಂದಿರು. ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟಿರುತ್ತೇನೆ.

ಸದಾಶಿವ


ಶಿಕಾರಿಪುರ
22 ಮಾರ್ಚ್ 1959

ಸದಾಶಿವಾ,

ಬಂದು ಎರಡು ತಿಂಗಳಾಯಿತು. ಓಣಿಯವರು ಹೆರಿಗೆಗೆ ಕರೆಯತೊಡಗಿದ್ದಾರೆ, ಹೊಟ್ಟೆಗೆ ತೊಂದರೆಯಿಲ್ಲ. ನಿನಗೆ ಬರೆಯಬೇಕಾದ ಒಂದೇ ಸಂಗತಿಯನ್ನು ಮುಂದೆ ಹಾಕುತ್ತಲೇ ಬಂದೆ.

ಊರಿಗೆ ಮರಳಿದ ಮೇಲೆ ಮಾಳಮ್ಮನಿಗೆ ತಾಯಿಯ ಓಣಿಗಳನ್ನೇ ಕೊಟ್ಟಿದ್ದಾರೆ. ಕೈಗಾಡಿಗಳು ಎಲ್ಲಿ ಹೋದವೋ, ಯಾರಿಗೂ ಗೊತ್ತಿಲ್ಲ. ಮತ್ತೆ ಬುಟ್ಟಿಯೇ. ನಾನು ಬಂದಾಗ ಅವಳಿಗೆ ಏಳು ತಿಂಗಳು. ಮೊದಲ ಬಾರಿ ನೋಡಿದಾಗ ಒಂದು ಕೈ ಬುಟ್ಟಿಗೆ, ಒಂದು ಕೈ ಸೊಂಟಕ್ಕೆ ಇಟ್ಟುಕೊಂಡು ನಡೆಯುತ್ತಿದ್ದಳು. ಕೇರಿಗೆ ಹೋದೆ. ನಾನು ಯಾರೆಂದು ಹೇಳಿದೆ. ನಿನ್ನ ಹೆರಿಗೆ ನಾನು ಮಾಡುತ್ತೇನೆ, ಹೇಳಿ ಕಳಿಸು, ಯಾವ ಹೊತ್ತಾದರೂ ಬರುತ್ತೇನೆ ಎಂದೆ.

ಅವಳು ನನ್ನ ಕೈಗಳನ್ನೇ ನೋಡಿದಳು. "ಬ್ಯಾಡ್ರಿ ಅವ್ವಾರ. ನೀವು ಒಳ್ಳೇರೇ ಇರಬೇಕು. ನಿಮ್ಮ ತಮ್ಮಾರೂ ಒಳ್ಳೇರೇ. ಇನ್ನ ನಿಮ್ಮಂಥಾರು ನಮಗ ಒಳ್ಳೇದು ಮಾಡಾದು ಬ್ಯಾಡ್ರಿ" ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ನೀರು ಬೇಕೇ ಎಂದು ಕೇಳುವಷ್ಟೇ ಮೆತ್ತಗೆ ಹೇಳಿದಳು.

ಈ ತಿಂಗಳ ಮೊದಲ ವಾರ ಹೆರಿಗೆಯಾಯಿತು. ಕೇರಿಯ ಮುದುಕಿಯೇ ಮಾಡಿದಳಂತೆ. ಹೆಣ್ಣು, ಎರಡು ಜೀವವೂ ಉಳಿದಿವೆ. ಹನ್ನೆರಡನೆಯ ದಿನಕ್ಕೆ ಕೆಲಸಕ್ಕೆ ಬಂದಳು.

ನಿನ್ನ ಕೋಣೆ ಇರುವ ಓಣಿ ಅವಳ ಪಾಲಿಗೇ ಬರುತ್ತದೆ, ನಿನಗೆ ಗೊತ್ತಿರಲೇಬೇಕು. ದಿನಾ ಬೆಳಿಗ್ಗೆ ಹಿತ್ತಲ ಸಂದಿಯಲ್ಲಿ ತಗಡಿನ ಸದ್ದು ಕೇಳುತ್ತದೆ. ಹೆರಿಗೆಯ ನಂತರ ಅವಳು ಬಂದ ಮೊದಲ ದಿನ ಎದ್ದು ಹೋಗಿ ಬಾಗಿಲ ಹಿಂದೆ ನಿಂತೆ. ಅವಳು ನನ್ನದನ್ನು ಬಳಿದು ಬುಟ್ಟಿಗೆ ಹಾಕಿಕೊಂಡು, ಮೇಲೆ ಬೂದಿ ಚೆಲ್ಲಿ, ಎತ್ತಿ ತಲೆಯ ಮೇಲಿಟ್ಟುಕೊಂಡಳು. ಎತ್ತುವಾಗ ಹಸಿ ಬಾಣಂತಿಗೆ ಎಲ್ಲಿ ನೋಯುತ್ತದೆ ಎಂದು ನನಗೆ ಗೊತ್ತು. ಸದ್ದು ಮಾಡದೆ ಹೊರಟುಹೋದಳು.

ಈಗ ನಾನು ಬಾಗಿಲ ಬಳಿಗೂ ಹೋಗುವುದಿಲ್ಲ.

ಅಕ್ಕ
ನೀಲಾಂಬಿಕ